ಎರಡು ಮಷಿನ್‌ಗಳ ಸೊಕ್ಕು

ಆಫೀಸುಗಳ ಮೀಟಿಂಗ್ ರೂಮಿಗೆ ಟಿವಿ, ಕ್ಯಾಮೆರಾ ಕೂಡಿಸುವುದು ನನ್ನ ಕೆಲಸ. ತಾರಿಹಾಳದ ಒಂದು ಪಂಪ್ ಕಾರ್ಖಾನೆಯಲ್ಲಿ ವಿಡಿಯೋ ಮೀಟಿಂಗಿನ ಹೊಸ ಮಷಿನ್ ಕೂಡಿಸಿ, "ಇನ್ನ ಚಿಂತಿ ಬಿಡ್ರಿ" ಎಂದು ಮಾಲೀಕರಾದ ಸಾವಕಾರರಿಗೆ ಎದೆ ತಟ್ಟಿ ಹೇಳಿದ್ದೆ.

ಮೊದಲ ಮೀಟಿಂಗೇ ದೊಡ್ಡ ಆರ್ಡರಿನದು. ಬೆಂಗಳೂರಿನ ಗಿರಾಕಿ ಕಳಿಸಿದ ಲಿಂಕ್ ಬೇರೆ ಕಂಪನಿಯ ಆ್ಯಪಿನದು. ನಮ್ಮ ಮಷಿನ್ ಅದನ್ನು ಮೂಸಿಯೂ ನೋಡಲಿಲ್ಲ.

"ಬೀಗರ ಮನಿಗೆ ಹೋಗಾಕ ಆಗದಿದ್ರ ಅವರನ್ನ ನಮ್ಮ ಮನಿಗೆ ಕರೀರಿ" ಎಂದರು ಸಾವಕಾರರು. ನಮ್ಮ ಲಿಂಕ್ ಕಳಿಸಿದೆ. ಅವರ ರೂಮಿನ ಮಷಿನ್ನಿಗೂ ಅದೇ ಸೊಕ್ಕು, ನಮ್ಮದನ್ನು ಒಲ್ಲೆ ಎಂದಿತು.

ಗಿರಾಕಿ ಫೋನಿನಲ್ಲಿ, "ನೀವೇ ಬನ್ನಿ ಸಾರ್" ಎಂದರು.

"ಛೇ ಛೇ, ನೀವ ಬರ್ರಿ" ಎಂದರು ಸಾವಕಾರರು.

ಚಹಾ ಆರಿತು, ಉಪಚಾರ ಮುಗಿಯಲಿಲ್ಲ. ಕಡೆಗೆ ಸಾವಕಾರರೇ ಬೇಸತ್ತು ಮೊಬೈಲಿನಲ್ಲಿ ವಿಡಿಯೋ ಕಾಲ್ ಹಚ್ಚಿ, ಅದನ್ನು ನನ್ನ ಮಷಿನ್ನಿಗೆ ಆನಿಸಿಟ್ಟು ಮಾತಿಗೆ ಕೂತರು. ಆರ್ಡರ್ ಸಿಕ್ಕಿತು.

ನಾನೂ ಧೈರ್ಯ ಬಿಡಲಿಲ್ಲ. "ಮಷಿನ್ ಹೆಂಗ ಅನಿಸ್ತ್ರಿ, ಸಾವಕಾರ್ರ?"

"ಭಾಳ ಛಲೋ ಐತ್ರಿ. ಅಷ್ಟೊತ್ತು ಆನಿಸಿಟ್ಟಿದ್ರೂ ಫೋನ್ ಒಮ್ಮಿನೂ ಜಾರಲಿಲ್ಲ."