ಜಮೀನುದಾರ ಕೊಡಿಸಿದ ಒಲೆ

ಎರಡು ಸಾವಿರದ ಐದು-ಆರರ ಮಾತು. ಸಿಂಗಪುರದ ಟ್ಯಾಂಪಿನೀಸಿನಲ್ಲಿದ್ದ ಮಗನ ಫ್ಲ್ಯಾಟಿನಲ್ಲಿ ನನ್ನ ಜೋಳದ ರೊಟ್ಟಿ ಬಂದ್ ಆಗಿತ್ತು. ಬಡಿಯುವ ಸದ್ದಿಗೆ ಕೆಳಗಿನ ಮನೆಯ ಚೀನೀ ಆಂಟಿ ಕಂಪ್ಲೇಂಟ್ ಮಾಡಿದ್ದರು. ಸೊಸೆ ವೀಣಾ ಹಿಟ್ಟಿನ ಡಬ್ಬಿಯನ್ನು ಮೇಲಿನ ಶೆಲ್ಫಿಗೆ ಸೇರಿಸಿದ್ದಳು.

ಅವಳ ಆಫೀಸಿಗೆ ಇಂಗ್ಲೆಂಡಿನ ಹಳೇ ಉಯಿಲುಗಳನ್ನು ಟೈಪ್ ಮಾಡುವ ಪ್ರಾಜೆಕ್ಟ್ ಬಂದಿತ್ತು. ಇಂಗ್ಲಿಷ್ ಟೀಚರಾಗಿ ರಿಟೈರ್ ಆದವಳು ನಾನು. ಮನೆಯಲ್ಲಿ ನಾನು ಓದಿ ಹೇಳುತ್ತಿದ್ದೆ, ಅವಳು ಟೈಪ್ ಮಾಡುತ್ತಿದ್ದಳು. ಒಂದು ದಿನ ಹದಿನೇಳನೇ ಶತಮಾನದ ಜಮೀನುದಾರನೊಬ್ಬ ಸಿಕ್ಕ. ಮನೆ, ಹೊಲ ಹಿರಿಮಗನಿಗೆ. ಹೆಣ್ಣುಮಕ್ಕಳಿಗೆ ಮದುವೆಯ ಹಣ. ಹೆಂಡತಿಗೆ ಮಹಡಿಯ ಒಂದು ಕೋಣೆ, ಜೊತೆಗೆ ಬದುಕಿರುವ ತನಕ ಅಡುಗೆಮನೆಯ ಒಲೆ ಬಳಸುವ ಹಕ್ಕು. ಮಗನಾಗಲಿ ಸೊಸೆಯಾಗಲಿ ಅಡ್ಡಿ ಮಾಡಕೂಡದು.

ಟೈಪಿಂಗ್ ನಿಂತಿತು.

"ಅತ್ತೆ, ಇದು ನಿಜವಾಗ್ಲೂ ಅದರಲ್ಲಿದೆಯಾ, ಇಲ್ಲಾ ನೀವೇ ಸೇರಿಸಿದ್ರಾ?"

ನಾನು ಪ್ರಿಂಟ್ ತೋರಿಸಿದೆ. ವೀಣಾ ಎರಡು ಸಲ ಓದಿದಳು. ಆಮೇಲೆ ಸ್ಟೂಲ್ ಹತ್ತಿ ಡಬ್ಬಿ ಇಳಿಸಿದಳು.

"ಸಂಜೆ ಆರಕ್ಕೆ ಬಡೀರಿ. ಆಂಟಿ ಹತ್ರ ನಾನು ಮಾತಾಡ್ತೀನಿ."

ಎಂದೋ ಸತ್ತ ಆ ಪುಣ್ಯಾತ್ಮನಿಗೂ ನನ್ನ ಸೊಸೆಗೂ ನಾನು ಋಣಿ. ಆಮೇಲಾಮೇಲೆ ಸಂಜೆ ಆರಕ್ಕೆ ಆಂಟಿ ತಟ್ಟೆ ಹಿಡಿದೇ ಬರತೊಡಗಿದರು. ಅವರ ಪಾಲನ್ನು ಮಾತ್ರ ಜಮೀನುದಾರ ಬರೆದಿರಲಿಲ್ಲ.