ಚಿತ್ರಾನ್ನದ ಮಹಾಸಭೆ

ನಡೆದುಹೋದದ್ದನ್ನು ದೇವರೂ ಬದಲಿಸಲಾರ. ಮಠದ ಸನ್ಯಾಸಿಗಳು ಬದಲಿಸುತ್ತಾರೆ; ಜರ್ಮನಿಯ ಹ್ಯಾನೋವರ್‌ನಲ್ಲಿ ನಾನು ಅದನ್ನೇ ಸಂಶೋಧಿಸುತ್ತಿದ್ದೆ. ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ಕ್ರೈಸ್ತ ಮಠಗಳು, ಜಮೀನು ಕೈತಪ್ಪದಿರಲೆಂದು, ಹಳೆಯ ಆಂಗ್ಲೋ-ಸ್ಯಾಕ್ಸನ್ ರಾಜರನ್ನು ತಮ್ಮ ದಾನಿಗಳೆಂದು ಸುಳ್ಳು ದಾನಪತ್ರಗಳಲ್ಲಿ ಬರೆದುಕೊಂಡವು.

ಜರ್ಮನಿಯೂ ಗ್ರೀನ್ ಕಾರ್ಡ್ ಕೊಟ್ಟು ಕರೆಸಿಕೊಂಡ ಕಂಪ್ಯೂಟರ್ ಹುಡುಗರು ಬಂದಿಳಿದ ವರ್ಷ ನಮ್ಮ ಕನ್ನಡಿಗರ ಯುಗಾದಿಗೆ ಸಭಾಂಗಣ ಬೇಕಾಯಿತು. ಹಳೆಯ ಸಂಘಗಳಿಗೆ ಮಾತ್ರ ಕೊಡುವುದು ಎಂದರು ಅದರ ಮೇಲ್ವಿಚಾರಕಿ. ದಶಕಗಳಿಂದ ಅಲ್ಲೇ ನೆಲೆಸಿದ್ದ ಡಾಕ್ಟರು ನನ್ನ ಕೋಣೆಗೆ ಬಂದವರು ಕೂರಲೇ ಇಲ್ಲ. ಕಿಟಕಿಗೂ ಬಾಗಿಲಿಗೂ ಅಡ್ಡಾಡಿದರು.

"ಸಂಘದ ಇತಿಹಾಸ ನೀವೇ ಬರೀಬೇಕು ಸ್ವಾಮಿ."

"ಸಂಘ ಎಲ್ಲಿತ್ತು ಸಾರ್? ಯುಗಾದಿಗೆ ನಿಮ್ಮ ಅಡುಗೆಮನೇಲಿ ನಾಲ್ಕು ಜನ ಚಿತ್ರಾನ್ನ ತಿಂತಿದ್ವಿ, ಅಷ್ಟೆ."

"ಅದನ್ನೇ ಸ್ವಲ್ಪ ದೊಡ್ಡದಾಗಿ ಬರೀರಿ. ನಿಮ್ಮ ಸನ್ಯಾಸಿಗಳು ಇನ್ನೇನ್ ಮಾಡಿದ್ರು ಮತ್ತೆ?"

ಬರೆದೆ. ಚಿತ್ರಾನ್ನ ಮಹಾಸಭೆಯಾಯಿತು. ಆದರೆ ಸನ್ಯಾಸಿಗಳಿಗೊಂದು ಅನುಕೂಲವಿತ್ತು: ಅವರ ರಾಜರೆಲ್ಲ ಸತ್ತಿದ್ದರು. ಡಾಕ್ಟರ ಜರ್ಮನ್ ಹೆಂಡತಿ ಗಟ್ಟಿಮುಟ್ಟಾಗಿದ್ದರು. ಮೇಲ್ವಿಚಾರಕಿ ವಿಚಾರಿಸಲು ಅವರ ಮನೆಗೆ ಫೋನು ಮಾಡಿದಾಗ, "ಮಹಾಸಭೆಯೇ? ನನ್ನ ಅಡುಗೆಮನೆಯಲ್ಲಿರುವುದು ನಾಲ್ಕೇ ಕುರ್ಚಿ" ಎಂದುಬಿಟ್ಟರು.

ಆ ವರ್ಷದ ಯುಗಾದಿಯೂ ಅಲ್ಲೇ ನಡೆಯಿತು. ಹೊಸ ಹುಡುಗರು ನಿಂತೇ ಉಂಡರು.