ಸ್ವಲ್ಪ ದೂರದಿಂದ

ಮೊದಲು ಒಂದು ಕೆಮ್ಮು ಕೇಳಿಸುತ್ತಿತ್ತು. ಗಂಡಸಿನ ಕೆಮ್ಮು. ಕಾಯಿಲೆಯದಲ್ಲ, ಭಾಷಣಕ್ಕೆ ನಿಂತವರು ಗಂಟಲು ಸರಿಮಾಡಿಕೊಳ್ಳುವಂಥದ್ದು. ಆಮೇಲೆ ಮಾತು. ಸಾವಕಾಶವಾಗಿ ಎಳೆದೆಳೆದು ಆಡುವ ಅಮೆರಿಕನ್ ಇಂಗ್ಲಿಷ್, ಹಳೇ ಕಾಲದ ಜಂಟಲ್‌ಮನ್ ಒಬ್ಬ ಹ್ಯಾಟ್ ತೆಗೆದು ಎದೆಗೆ ಹಿಡಿದುಕೊಂಡು ಮಾತಾಡಿದ ಹಾಗೆ. ಎರಡು ಮಾತಾಡಿ ನಿಲ್ಲಿಸುತ್ತಿದ್ದ, ಜನ ನಗಲಿ ಎಂದು. ಯಾರೂ ನಗುತ್ತಿರಲಿಲ್ಲ. ಎ.ಸಿ.ಯ ಗುಂಯ್ ಸದ್ದು ಮಾತ್ರ. ಮತ್ತೆ ಕೆಮ್ಮು, ಮತ್ತೆ ಮಾತು.

ದೋಹಾದ ಅಲ್ ಸದ್ದ್‌ನ ನಮ್ಮ ಫ್ಲ್ಯಾಟಿಗೆ ಬಂದ ಹೊಸದರಲ್ಲಿ ಮಧ್ಯಾಹ್ನದ ಹೊತ್ತು ನನ್ನ ಕೋಣೆಯ ಗೋಡೆಯಾಚೆಯಿಂದ ಇದು ಬರುತ್ತಿತ್ತು. ಮಗಳು ಆಸ್ಪತ್ರೆಯ ಲ್ಯಾಬಿನಲ್ಲಿ, ಅಳಿಯ ರಾಸ್ ಲಫಾನ್‌ನ ಗ್ಯಾಸ್ ಪ್ಲಾಂಟಿನಲ್ಲಿ ಶಿಫ್ಟಿನ ಮೇಲೆ. ಮನೆಯಲ್ಲಿ ನಾನೊಬ್ಬಳೇ. ಪಕ್ಕದ ಫ್ಲ್ಯಾಟಿನಲ್ಲಿ ಇದ್ದವರೂ ಒಬ್ಬರೇ, ಅಮೆರಿಕದ ಕಪ್ಪು ಹೆಂಗಸು, ಅರುವತ್ತರ ಹತ್ತಿರದವರು, ಯಾವುದೋ ಶಾಲೆಯಲ್ಲಿ ಇಂಗ್ಲಿಷ್ ಟೀಚರ್. ಲಿಫ್ಟಿನಲ್ಲಿ ಸಿಕ್ಕಾಗ ಗುಡ್ ಮಾರ್ನಿಂಗ್ ಅನ್ನುತ್ತಿದ್ದರು. ಹಾಗಾದರೆ ಆ ಗಂಡಸು ಯಾರು?

"ಎಂತ ಗಂಡಸು ಅಮ್ಮ? ಆ ಟೀಚರ್ ಮನೆಗೆ ಗಂಡಸರು ಯಾರೂ ಬರುವುದಿಲ್ಲ," ಎಂದಳು ಮಗಳು. "ನಿಮ್ಮ ಕಿವಿ ಒಮ್ಮೆ ಚೆಕ್ ಮಾಡಿಸುವ."

"ನನ್ನ ಕಿವಿ ಚೆಂದ ಉಂಟು. ಅವ ಬರುವುದಿಲ್ಲ ಮಾರಾಯ್ತಿ, ಅಲ್ಲೇ ಇರುವುದು."

ಹೇಳಿದ ಮೇಲೆ ನನಗೇ ಮೈ ಜುಮ್ಮೆಂದಿತು.

ಅವನ ಮುಖ ಕಂಡದ್ದು ಅಡುಗೆಮನೆಯ ಬಾಲ್ಕನಿಯಲ್ಲಿ. ಅವರದೂ ನಮ್ಮದೂ ಅಕ್ಕಪಕ್ಕ. ಬಟ್ಟೆ ಒಣಗಿಸಲು ಹೋದವಳು ನೋಡುತ್ತೇನೆ, ಅವರ ಹಗ್ಗಕ್ಕೆ ಎರಡು ಕ್ಲಿಪ್ ಹಾಕಿ ಒಂದು ತಲೆ ನೇತುಹಾಕಿದ್ದಾರೆ. ರಬ್ಬರಿನದು. ಬಿಳೀ ಮುದುಕ, ಗುಲಾಬಿ ಕೆನ್ನೆ, ಬೆಳ್ಳಿಯ ಕೂದಲು, ತುಟಿ ಮುಚ್ಚಿಕೊಂಡ ನಗು. ಎ.ಸಿ.ಯ ಹೊರಗಿನ ಡಬ್ಬಿಯಿಂದ ಬಿಸಿಗಾಳಿ ಹೊಡೆದಾಗ ಕೆನ್ನೆಗಳು ಉಬ್ಬುತ್ತಿದ್ದವು, ನಿಂತಾಗ ಕುಸಿಯುತ್ತಿದ್ದವು. ಉಸಿರಾಡಿದ ಹಾಗೆಯೇ. ಕಣ್ಣಿನ ಜಾಗದಲ್ಲಿ ತೂತು. ಆ ತೂತಿನಲ್ಲಿ ದೋಹಾದ ಧೂಳು ಬಣ್ಣದ ಆಕಾಶ ಕಾಣುತ್ತಿತ್ತು.

ಹೆದರಿದೆ, ನಿಜ. ಮರುಕ್ಷಣ ನಮ್ಮೂರಿನವರಿಗೆ ಹೊಳೆಯುವುದೇ ನನಗೂ ಹೊಳೆಯಿತು. ದೃಷ್ಟಿಬೊಂಬೆ! ಹೊಸ ಮನೆ ಕಟ್ಟುವಾಗ ಕೆಟ್ಟ ಕಣ್ಣು ಬೀಳದಿರಲಿ ಎಂದು ಕೋರೆಹಲ್ಲಿನ ಮೋರೆಯೊಂದನ್ನು ತೂಗುಹಾಕುತ್ತೇವಲ್ಲ, ಅದೇ. ಅಷ್ಟರಲ್ಲಿ ಟೀಚರ್ ಹೊರಬಂದರು. ನಾನು ನನ್ನ ಕಾನ್ವೆಂಟ್ ಇಂಗ್ಲಿಷಿನಲ್ಲಿ ಹೇಳಿಯೇಬಿಟ್ಟೆ: "ಒಳ್ಳೆಯದು ಮಾಡಿದಿರಿ. ನಮ್ಮಲ್ಲೂ ಕಟ್ಟುತ್ತೇವೆ, ಕೆಟ್ಟ ಕಣ್ಣು ಓಡಿಸಲಿಕ್ಕೆ. ಆದರೆ ನಮ್ಮದು ಇಷ್ಟು ಬೆಳ್ಳಗಿರುವುದಿಲ್ಲ."

ಟೀಚರ್ ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಬಾಲ್ಕನಿಯ ಸರಳು ಹಿಡಿದುಕೊಂಡು ಬಗ್ಗಿ ಬಗ್ಗಿ ನಕ್ಕರು. "ಇಷ್ಟು ವರ್ಷ ಇವನಿಗೆ ಏನು ಕೆಲಸ ಅಂತ ನನಗೇ ಗೊತ್ತಿರಲಿಲ್ಲ!"

ಅಂದಿನಿಂದ ಅವರು ಟೀ ಕುಡಿಯಲು ನಮ್ಮಲ್ಲಿಗೆ ಬರತೊಡಗಿದರು. ಮಗಳು ಕರೆಯುವುದನ್ನು ಕೇಳಿ ನನ್ನ ಹೆಸರೇ 'ಅಮ್ಮ' ಎಂದುಕೊಂಡು ಹಾಗೆಯೇ ಕರೆದರು, ನಾನು ತಿದ್ದಲಿಲ್ಲ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆದದ್ದು. ಈಗ ನೆನೆದರೆ ಯಾಕೋ ಎಲ್ಲ ಕನ್ನಡದಲ್ಲೇ ಕೇಳಿಸುತ್ತದೆ.

ಆ ಮುಖವಾಡ ಶಾಲೆಯ ನಾಟಕವೊಂದಕ್ಕೆ ತಂದದ್ದಂತೆ. ಗೋಡೆಯಾಚೆಯ ಗಂಡಸು ಅವರೇ; ಅದನ್ನು ಹಾಕಿಕೊಂಡರೆ ಮಾತ್ರ ಅವರಿಗೆ ಆ ದನಿ ಬರುತ್ತಿತ್ತು. ಅವರ ತಮ್ಮ ಅಮೆರಿಕದ ದಕ್ಷಿಣದ ಒಂದು ಸಣ್ಣ ಊರಿನಲ್ಲಿ ಶಾಲಾ ಮಂಡಳಿಯ ಚುನಾವಣೆಗೆ ನಿಂತಿದ್ದ. ಕಪ್ಪು ಜನರ ಕಥೆಯನ್ನು ಪಾಠಪುಸ್ತಕದಿಂದ ತೆಗೆಯುವುದು ಬೇಡ ಎನ್ನುವುದು ಅವನ ಮಾತು. ಅಕ್ಕ ದೋಹಾದಲ್ಲಿ ಕೂತು ಅವನಿಗಾಗಿ ಒಬ್ಬ ಬಿಳೀ ಲೀಡರನನ್ನು ಸೃಷ್ಟಿಸಿದ್ದರು. ಬರೀ ದನಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸುವುದು. ತಮ್ಮನ ಕಡೆಯವರು ಕೇಳಿ ನಗಲಿ, ನಾಲ್ಕು ಜನಕ್ಕೆ ದಾಟಿಸಲಿ ಎಂದು.

"ನಮ್ಮ ಊರಿನಲ್ಲಿ ಬಣ್ಣದ ಭೇದವೇ ಇಲ್ಲ," ಎನ್ನುತ್ತಿದ್ದ ಆ ಲೀಡರ್. "ಯಾರು ಎಲ್ಲಿ ನಿಲ್ಲಬೇಕು ಅಂತ ಎಲ್ಲರಿಗೂ ಗೊತ್ತಿರುವಾಗ ಭೇದ ಎಲ್ಲಿಂದ ಬರಬೇಕು?" ಬಿಡುವು. "ನಾವು ಎಲ್ಲರನ್ನೂ ಪ್ರೀತಿಸುತ್ತೇವೆ. ಸ್ವಲ್ಪ ದೂರದಿಂದ." ಬಿಡುವು.

ಗೋಡೆಯಾಚೆ ಕೇಳಿದ ಆ ಬಿಡುವುಗಳಿಗೆ ನಾನು ಈಗ ನಗಬಹುದಿತ್ತು. ನಕ್ಕೆ ಕೂಡ. ಸಟೈರ್ ಎಂದರೆ ಏನೆಂದು ಕಾನ್ವೆಂಟಿನ ಸಿಸ್ಟರ್‌ಗಳು ನಮಗೂ ಕಲಿಸಿದ್ದರಲ್ಲ.

ನಮ್ಮ ಹಾಲಿನ ಗೋಡೆಯಲ್ಲಿ ಮಗಳ ಒಂದು ಫೋಟೋ ಇದೆ, ತೊಟ್ಟಿಲ ಪ್ರಾಯದ್ದು, ಕೆನ್ನೆಯಲ್ಲಿ ನಾಣ್ಯದಗಲದ ಕಾಡಿಗೆ ಬೊಟ್ಟು. ಅದೇನೆಂದು ಟೀಚರ್ ಕೇಳಿದರು. ದೃಷ್ಟಿಬೊಟ್ಟು, ಚೆಂದದ ಮಗುವಿಗೆ ಒಂದು ಕಪ್ಪು ಗುರುತು ಇಟ್ಟರೆ ಯಾರ ಕಣ್ಣೂ ಬೀಳುವುದಿಲ್ಲ, ಎಂದೆ.

ಅವರು ಟೀ ಕಪ್ಪು ತುಟಿಗಿಟ್ಟವರು ಹಾಗೇ ಕೆಳಗಿಳಿಸಿದರು. "ನೋಡು ಅಮ್ಮ, ಒಂದು ಬೊಟ್ಟು ಕಪ್ಪಿದ್ದರೆ ನಿಮಗೆ ಯಾರ ಕಣ್ಣೂ ಬೀಳುವುದಿಲ್ಲ. ನಮ್ಮ ಮೈಯೆಲ್ಲ ಕಪ್ಪು, ಅಂಗಡಿಗೆ ಕಾಲಿಟ್ಟರೆ ಸಾಕು, ಎಲ್ಲರ ಕಣ್ಣೂ ನಮ್ಮ ಮೇಲೆಯೇ. ಡೋಸ್ ಜಾಸ್ತಿಯಾಯಿತೋ ಏನೋ!"

ಅವರು ನಕ್ಕರು ಎಂದು ನಾನೂ ನಕ್ಕೆ. 

ನಾನೂ ನನ್ನದೊಂದು ಹೇಳಿದೆ. ಮೊದಲಿದ್ದ ಅಲ್ ಹಿಲಾಲ್‌ನಿಂದ ಇಲ್ಲಿಗೆ ಮನೆ ಬದಲಿಸುವಾಗ ಏಜೆಂಟರಿಗೆ ಫೋನ್ ಮಾಡುವ ಕೆಲಸ ನನ್ನದಾಗಿತ್ತು. ನನ್ನ ಎಲೊಕ್ಯೂಷನ್ ಪ್ರೈಜಿನ ದನಿ ಕೇಳಿ ಎಲ್ಲರೂ ಯೆಸ್ ಮೇಡಂ, ಆಫ್ ಕೋರ್ಸ್ ಮೇಡಂ. ಬಾಗಿಲಲ್ಲಿ ನಮ್ಮ ಮೋರೆ ಕಂಡ ಕೂಡಲೇ, ಸಾರಿ, ಖಲಾಸ್, ಮನೆ ಹೋಯಿತು. ಸಿಸ್ಟರ್‌ಗಳು ಆ ದನಿಯನ್ನು ಕನ್ನಡಿಯ ಮುಂದೆ ನಿಲ್ಲಿಸಿ ಕಲಿಸಿದ್ದರು. ತುಟಿ ಎಷ್ಟು ತೆರೆಯಬೇಕು, ಗಲ್ಲ ಎಲ್ಲಿರಬೇಕು ಎಲ್ಲ.

"ಹಾಗಾದರೆ ನಿನ್ನದೂ ಮುಖವಾಡವೇ," ಎಂದರು ಟೀಚರ್. "ಒಗೆದು ಹಗ್ಗಕ್ಕೆ ಹಾಕಲು ಬರುವುದಿಲ್ಲ, ಅಷ್ಟೇ."

ಮೊದಮೊದಲು ಆ ಊರಿನವರು ನಗುತ್ತಿದ್ದರಂತೆ. ಆಮೇಲೆ ಯಾರೋ ಹಿಂದುಮುಂದಿನದನ್ನು ಕತ್ತರಿಸಿ ಆ ಎರಡು ಮಾತನ್ನು ಮಾತ್ರ ಹರಿಬಿಟ್ಟರು. ಕೇಳಿದವರಿಗೆ ಅದು ನಿಜವಾದ ಯಾವನೋ ಲೀಡರಿನ ದನಿ. ಊರಿನ ಬಿಳಿಯರಿಗೆ ಅದು ಇಷ್ಟವಾಯಿತು. ತಮಾಷೆಗೆ ಅಲ್ಲ, ನಿಜವಾಗಿಯೇ ಇಷ್ಟವಾಯಿತು. 'ನಾವು ಎಲ್ಲರನ್ನೂ ಪ್ರೀತಿಸುತ್ತೇವೆ, ಸ್ವಲ್ಪ ದೂರದಿಂದ' ಎಂದು ಬೋರ್ಡು ಬರೆಸಿ ಮನೆ ಮುಂದೆ ನೆಟ್ಟರು. ಒಂದು ಬೆಳಿಗ್ಗೆ ಟೀಚರ ತಮ್ಮ ಬಾಗಿಲು ತೆರೆದರೆ ಅವನದೇ ಅಂಗಳದ ಹುಲ್ಲಿನ ಮೇಲೆ ಅಂಥದೊಂದು ನಿಂತಿತ್ತು.

"ಬೋರ್ಡಿಗೆ ಅವನು ಹೆದರುತ್ತಿಲ್ಲ ಅಮ್ಮ," ಎಂದರು ಟೀಚರ್. ದನಿ ತಗ್ಗಿತ್ತು. "ಅಂಗಡಿಯಲ್ಲಿ, ಪೆಟ್ರೋಲ್ ಹಾಕಿಸುವಲ್ಲಿ, ಅವನನ್ನು ನೋಡಿದರೆ ಜನ ನಗುತ್ತಾರಂತೆ. ತುಂಬ ಒಳ್ಳೆಯ ನಗು. ನಕ್ಕು ಒಂದು ಹೆಜ್ಜೆ ಹಿಂದೆ ಸರಿಯುತ್ತಾರಂತೆ. ಎಲ್ಲರೂ. ಒಂದೇ ಹೆಜ್ಜೆ. ಯಾರೂ ಏನೂ ಹೇಳುವುದಿಲ್ಲ."

ನನಗೆ ಬಾಲ್ಕನಿಯ ಆ ತುಟಿ ಮುಚ್ಚಿದ ನಗು ಕಣ್ಣಿಗೆ ಕಟ್ಟಿತು.

ಅವರು ರೆಕಾರ್ಡ್ ಮಾಡುವುದನ್ನು ನಿಲ್ಲಿಸಿದರು. ಗೋಡೆ ಸುಮ್ಮನಾಯಿತು. ಒಂದು ವಾರ ಕಳೆದಿರಬೇಕು, ಟೀಚರ್ ನಮ್ಮ ಅಡುಗೆಮನೆಯಲ್ಲಿ ನನ್ನೆದುರೇ ಕೂತು ಗೋಳಿಬಜೆ ತಿನ್ನುತ್ತಿದ್ದಾರೆ, ಕೆಮ್ಮು ಕೇಳಿಸಿತು. ಅದೇ ಕೆಮ್ಮು, ಅದೇ ದನಿ. ಈ ಸಲ ಗೋಡೆಯಾಚೆಯಿಂದಲ್ಲ. ನಮ್ಮ ಮನೆಯೊಳಗಿನಿಂದ.

ನಾನು ಟೀಚರ ಬಾಯಿಯನ್ನೇ ನೋಡಿದೆ. ಬಾಯಿ ಮುಚ್ಚಿತ್ತು. ಕೈಯಲ್ಲಿ ಅರ್ಧ ಗೋಳಿಬಜೆ.

"ಅತ್ತೆ, ಇದು ಕೇಳಿ," ಎನ್ನುತ್ತ ಅಳಿಯ ಹಾಲಿನಿಂದ ಫೋನ್ ಹಿಡಿದುಕೊಂಡು ಬಂದ. ಶಿಫ್ಟ್ ಮುಗಿಸಿ ಆಗಷ್ಟೇ ಬಂದವನು. ಅಡುಗೆಮನೆಯಲ್ಲಿ ಯಾರಿದ್ದಾರೆಂದು ಅವನು ನೋಡಲೂ ಇಲ್ಲ. "ಅಮೆರಿಕದವ ಯಾರೋ. ನಮ್ಮ ಶಿಫ್ಟಿನ ಗ್ರೂಪಿನಲ್ಲಿ ಬಂದದ್ದು. ಎಷ್ಟು ಡೀಸೆಂಟಾಗಿ ಹೇಳ್ತಾನೆ ನೋಡಿ. ಜಗಳ ಇಲ್ಲ, ಎಂತ ಇಲ್ಲ. ಅವರವರ ಜಾಗದಲ್ಲಿ ಅವರವರು ಇದ್ದರೆ ಆಯ್ತಲ್ಲ?"

ಟೀಚರನ್ನು ಕಂಡು, "ಓ, ಹಲೋ ಟೀಚರ್!" ಎಂದು ನಕ್ಕ. ಒಳ್ಳೆಯ ಹುಡುಗ ಅವನು, ನಕ್ಕದ್ದೂ ಮರ್ಯಾದೆಯಿಂದಲೇ. ನಗುತ್ತ ಬಾಗಿಲಿಗೆ ಒಂದು ಹೆಜ್ಜೆ ಹಿಂದೆ ಸರಿದ, ಹೆಂಗಸರ ಮಾತಿನ ನಡುವೆ ಬಂದೆನೆಂದು. ಅದಕ್ಕೇ ಸರಿದದ್ದು. ನನಗೆ ಗೊತ್ತು. ಆದರೆ ಟೀಚರ್ ಅವನ ಪಾದವನ್ನೇ ನೋಡುತ್ತಿದ್ದರು.

ಅವನು ಹೋದ ಮೇಲೆ, "ನಾನು ಊರಿಗೆ ಹೋಗಬೇಕು ಅಮ್ಮ," ಎಂದರು. "ಚುನಾವಣೆಗೆ ಮೊದಲು ಅಲ್ಲೊಂದು ಸಭೆ ಇದೆ. ಎಲ್ಲರೂ ಬರುತ್ತಾರೆ. ಎದ್ದು ನಿಂತು ಆ ದನಿಯಲ್ಲಿ ಮಾತಾಡಿ, ಇದು ನಾನೇ, ನೀವು ಮೆಚ್ಚಿದ್ದು ನನ್ನನ್ನೇ, ಅಂತ ಹೇಳಬೇಕು."

"ಮುಖವಾಡ ಹಾಕಿಕೊಂಡು?"

"ಹಾಕಿಕೊಂಡರೆ ಅವನೇ ಮಾತಾಡಿದ ಹಾಗೆ. ನನ್ನ ಮುಖದಲ್ಲೇ ಅವನು ಬರಬೇಕು. ಆಗ ನಂಬುತ್ತಾರೆ. ಇಲ್ಲದಿದ್ದರೆ ನನ್ನ ತಮ್ಮ ಆ ಊರಿನಲ್ಲಿ ಹಾಗೇ ಬದುಕಬೇಕಾಗುತ್ತದೆ, ಒಂದು ಹೆಜ್ಜೆ ಆಚೆ."

ಆದರೆ ಆ ದನಿ ಬರುತ್ತಿರಲಿಲ್ಲ. ದಿನವೂ ಗೋಡೆಯಾಚೆ ಟೀಚರ ಸ್ವಂತ ದನಿ ಆ ಮಾತುಗಳನ್ನು ತಡವರಿಸಿ ಹೇಳುವುದು ಕೇಳಿಸುತ್ತಿತ್ತು. ಬರೀ ಒಂದು ಹೆಂಗಸಿನ ದನಿ, ದಣಿದದ್ದು. ಆ ಗಂಡಸಿನ ದನಿಗಿಂತ ಅದು ನನ್ನನ್ನು ಹೆಚ್ಚು ಹೆದರಿಸಿತು. ನಮ್ಮ ಸಿಸ್ಟರ್‌ಗಳ ಉಪಾಯವನ್ನೇ ಹೇಳಿದೆ: "ಕನ್ನಡಿಯ ಮುಂದೆ ನಿಲ್ಲಿ. ನಿಮ್ಮ ತುಟಿಯನ್ನೇ ನೋಡಿ."

"ನಿಂತೆ," ಎಂದರು. "ಕನ್ನಡಿಯಲ್ಲಿ ನನ್ನ ಅಮ್ಮ ಕಾಣುತ್ತಾಳೆ. ಈ ಪ್ರಾಯಕ್ಕೆ ಅಚ್ಚು ಅವಳದೇ ಮೋರೆ ನನಗೆ. ಆ ಮುಖ ನೋಡಿಕೊಂಡು ಆ ಮಾತು ಆಡಲಿ ಹೇಗೆ?"



ಅವರನ್ನು ಕೊನೆಯ ಸಲ ನೋಡಿದ್ದು ಲಿಫ್ಟಿನ ಬಾಗಿಲಲ್ಲಿ, ಹೊರಡುವ ದಿನದ ಬೆಳಿಗ್ಗೆ. ಕೆಳಗೆ ಟ್ಯಾಕ್ಸಿ ಕಾಯುತ್ತಿತ್ತು. ದನಿ ಬಂತೇ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದರು. ಕಾಗದದ ಚೀಲವೊಂದನ್ನು ನನ್ನ ಕೈಗಿತ್ತರು. ನೋಡಿದರೆ ಅವನೇ, ಮಡಚಿ ಇಟ್ಟ ಮುಖ, ಒಂದು ಕೆನ್ನೆ ಮೇಲೆ. "ನಿನ್ನ ಬಾಗಿಲಿಗೆ ಕಟ್ಟು ಅಮ್ಮ. ಅವನು ಬೇರೆ ಯಾವ ಕೆಲಸಕ್ಕೂ ಆಗಲಿಲ್ಲ."

ನಾನು ಸೆರಗಿನಲ್ಲಿ ಮುಚ್ಚಿ ತಂದಿದ್ದ ಕಾಡಿಗೆ ಡಬ್ಬಿ ತೆರೆದೆ. ಬೆರಳು ಅದ್ದಿ ಅವರ ಕೆನ್ನೆಗೆ ಒತ್ತಿದೆ. ಅವರು ಮಗುವಿನ ಹಾಗೆ ಬಗ್ಗಿ ಕೊಟ್ಟರು.

"ಕಾಣುತ್ತದಾ?"

ಕನ್ನಡಕ ಸರಿಮಾಡಿಕೊಂಡು ನೋಡಿದೆ. "ಇಲ್ಲ."

"ಮತ್ತೆ ಕೆಟ್ಟ ಕಣ್ಣಿಗೆ ಹೇಗೆ ಕಾಣಬೇಕು?"

"ನಾನು ಇಟ್ಟದ್ದು ನಿಮಗೆ ಗೊತ್ತುಂಟಲ್ಲ."

ನಕ್ಕರು. ಸೂಟ್‌ಕೇಸ್ ಒಳಗೆಳೆದುಕೊಂಡರು. ನಮ್ಮ ಲಿಫ್ಟಿನ ಹಿಂದಿನ ಗೋಡೆಗೆ ಆಳೆತ್ತರದ ಕನ್ನಡಿ. "ಯಲ್ಲಾ, ಅಮ್ಮ," ಎಂದು, ಹೊರಟೆನೆಂದು ಇಲ್ಲಿಯವರು ಅರಬಿಯಲ್ಲಿ ಹೇಳುವ ಹಾಗೆ ಹೇಳಿ ಕೈಯೆತ್ತಿ, ಬೊಟ್ಟು ಎಲ್ಲಿದೆಯೆಂದು ಹುಡುಕುವವರಂತೆ ಕನ್ನಡಿಯತ್ತ ತಿರುಗಿದರು. ನನಗೆ ಅವರ ಬೆನ್ನು ಕಂಡಿತು, ಕನ್ನಡಿಯೊಳಗೆ ಅವರ ಮುಖ, ಅಥವಾ ಅವರ ತಾಯಿಯ ಮುಖ. ಬಾಗಿಲು ಕೂಡಿಕೊಂಡಿತು.

ಲಿಫ್ಟ್ ಇಳಿಯತೊಡಗಿತು. ಮುಖವಾಡದ ಚೀಲ ನನ್ನ ಕೈಯಲ್ಲೇ ಇತ್ತು. ಒಂದು ಮಹಡಿ ಕೆಳಗಿನಿಂದ ಕೆಮ್ಮು ಕೇಳಿಸಿತು. ಗಂಡಸಿನ ಕೆಮ್ಮು. ಆಮೇಲೆ ಸಾವಕಾಶವಾಗಿ, ಎಳೆದೆಳೆದು, ನಾವು ಎಲ್ಲರನ್ನೂ ಪ್ರೀತಿಸುತ್ತೇವೆ ಎಂದಿತು ಆ ದನಿ, ಕೆಳಗೆ ಕೆಳಗೆ ಹೋಗುತ್ತ. ಅಲ್ಲಿಗೆ ನಿಲ್ಲಿಸಿತು. ಉಳಿದದ್ದನ್ನು ಕೇಳಬೇಕೆಂದು ಬಾಗಿಲಿನ ತಣ್ಣನೆಯ ಉಕ್ಕಿಗೆ ಕಿವಿಯಿಟ್ಟು ನಾನು ನಿಂತೇ ಇದ್ದೆ.